ಸಾಲಾವಳಿ

ಮರುಳಸಿದ್ದಪ್ಪನವರು ಶೆಡ್ಡಿಗೆ ಬೀಗ ಹಾಕಿದ ದಿನ
ನಾಲ್ಕು ತಿಂಗಳ ಸಂಬಳದ ಬಾಬ್ತು
ವೆಲ್ಡಿಂಗ್ ಮಿಷನ್ನು ಕೊಟ್ಟು ಕೈಮುಗಿದರು.
ಹಾಸನದಿಂದ ಅರಸೀಕೆರೆ ತನಕ ಬಸ್ಸಿನಲ್ಲಿ
ತೊಡೆ ಮೇಲಿಟ್ಟುಕೊಂಡು ಬಂದೆ.
ಪಕ್ಕದ ಹೆಂಗಸು ಕೇಳಿದಳು: ಹಾರ್ಮೋನಿಯಮ್ಮಾ?
ಹೂಂ ಅಂದೆ.

ಮನೆಗೆ ಬಂದರೆ ಅದರ ಪಿನ್ನು ಯಾವ ಗೋಡೆಗೂ ಹಿಡಿಸಲಿಲ್ಲ.
ಅಡುಗೆಮನೆಯಲ್ಲಿ ಐದು ಆಂಪಿನ ಸಾಕೆಟ್ಟು,
ಬಚ್ಚಲ ಹೊರಗೆ ಹದಿನೈದರದು ಒಂದು,
ನೀರು ಕಾಯಿಸುವ ಕಾಯಿಲ್ಲಿಗೆ ಸುಟ್ಟು
ಒಂದು ಕಣ್ಣು ಕಪ್ಪಾದದ್ದು.
ಪಿನ್ನಿನ ತಲೆ ಕತ್ತರಿಸಿ, ಬೇರೆ ತಲೆ ಕಟ್ಟಿ,
ಅಂಗಳದಲ್ಲಿ ಕೂತು ಕಡ್ಡಿ ಗೀರಿದೆ.

ಒಂದೇ ಕಿಡಿ.
ಕಡ್ಡಿ ತಗಡಿಗೆ ಅಂಟಿ ಬಿಡಲೊಲ್ಲದು,
ಓಣಿಯ ಬಲ್ಬುಗಳೆಲ್ಲ ಹರಳೆಣ್ಣೆ ದೀಪವಾದವು,
ಓನರಮ್ಮ ಪುಟ್ಟಚನ್ನಮ್ಮನ ಗ್ರೈಂಡರು
ಅರ್ಧ ಉದ್ದಿನ ಮೇಲೆ ನಿಂತಿತು.
ಆಮೇಲೆ ಟಪ್ಪೆಂದು ಕತ್ತಲು,
ಕತ್ತಲಲ್ಲಿ ಅವಳ ದನಿ:
ಏನಪ್ಪಾ ಮಾಡಿದೆ ನನ್ನ ಮನೆಗೆ?

ಫ್ಯೂಸಿಗೆ ನಾಲ್ಕು ಎಳೆ ಸುತ್ತಿಬಿಡಿ ಅಣ್ಣಾ,
ಆಗ ಹೋಗೋದೇ ಇಲ್ಲ, ಅಂದ ಎದುರುಮನೆ ಹುಡುಗ.
ಸುತ್ತುವುದರಲ್ಲಿದ್ದೆ.

ದಸ್ತಗೀರ್ ಸಾಬರು ಬಂದವರೇ ಕೈಯಿಂದ ಕಿತ್ತುಕೊಂಡರು.
‘ಇದು ಸಾಯೋಕೇ ಹುಟ್ಟಿರೋ ತಂತಿ ಕಣಯ್ಯ.
ಇದನ್ನ ಸಾಯೋಕೆ ಬಿಡದಿದ್ರೆ
ಇದರ ಬದಲು ಮನೆ ಸಾಯ್ತದೆ.’
ಸ್ಟೂಲು ಹತ್ತಿ, ಮರದ ಪಟ್ಟಿ ಎಬ್ಬಿಸಿ
ಎಂಬತ್ತನಾಲ್ಕರ ಅಲ್ಯೂಮಿನಿಯಂ ತಂತಿಯನ್ನು
ಉಗುರಿನಲ್ಲಿ ಕೆರೆದು ಮೂಸಿ ನೋಡಿದರು.
ಆಮೇಲೆ ಮಿಷನ್ನಿನ ಬೆನ್ನಿನ ಪಟ್ಟಿ ಒರೆಸಿ
ಕನ್ನಡಕ ಹಾಕಿಕೊಂಡು ಓದಿದರು,
ಹುಡುಗಿ ಕಡೆಯವರು ಜಾತಕ ಓದಿದ ಹಾಗೆ.

‘ಪೂರಾ ತಿರುಗಿಸಿದರೆ ಮೂವತ್ತೆರಡು ಕೇಳ್ತಾನೆ ನಿಮ್ಮ ಹುಡುಗ.
ಈ ಮನೆ ಕೊಡೋದು ಹದಿನೈದು, ಅದೂ ಕಷ್ಟಪಟ್ಟು.
ಅವನದ್ದೂ ತಪ್ಪಿಲ್ಲ, ಮನೇದೂ ತಪ್ಪಿಲ್ಲ.
ಸಾಲಾವಳಿ ಕೂಡಿಲ್ಲ, ಅಷ್ಟೇ.’

ಪುಟ್ಟಚನ್ನಮ್ಮ ಬಾಗಿಲಿಗೆ ಒರಗಿ ಕೇಳಿದಳು:
ಪರಿಹಾರ?

ಮೀಟರಿನಿಂದಲೇ ಬೇರೆ ಲೈನು. ಆರು ಎಂಎಂ ತಾಮ್ರ.
ಮೂವತ್ತೆರಡರ ಎಂಸಿಬಿ, ಅದರದ್ದೇ ಸಾಕೆಟ್ಟು,
ಆ ಸಾಕೆಟ್ಟಿಗೆ ಮಿಕ್ಸಿ ಗಿಕ್ಸಿ ಚುಚ್ಚಕೂಡದು.
ಕರೆಂಟ್ ಆಫೀಸಿನಲ್ಲಿ ಲೋಡು ಹೆಚ್ಚಿಸುವ ಅರ್ಜಿ,
ಅದಕ್ಕೆ ಮನೆ ಯಜಮಾನಿಯ ರುಜು.
ಅಲ್ಲಿಯ ತನಕ
ತಿರುಗಣೆ ಎಂಬತ್ತು ದಾಟದಿರಲಿ, ಸಣ್ಣ ಕಡ್ಡಿ,
ಒಂದು ಗೇಣು ಬೆಸೆದರೆ ಒಂದು ಬೀಡಿ ಸೇದುವಷ್ಟು ಬಿಡುವು.

ನಾನು ಬೀಡಿ ಸೇದುವುದಿಲ್ಲ, ಅಂದೆ.
ಸುಮ್ಮನೆ ಕೂತ್ಕೊ ಹಾಗಾದ್ರೆ, ಅಂದರು.

ತಾಮ್ರದ ರೇಟು ಕೇಳಿ ಎರಡು ದಿನ ಸುಮ್ಮನೆ ಕೂತೆ.
ನನ್ನ ಬೆನ್ನ ಮೇಲೂ ಒಂದು ಪಟ್ಟಿ ಇದ್ದರೆ
ಏನು ಬರೆದಿದ್ದಾರು?
ಇಪ್ಪತ್ತೊಂದು ವರ್ಷ ಬೇರೆಯವರ ಗೇಟು ಬೆಸೆದೆ.
ಅಲ್ಲಿ ಎಷ್ಟು ಎಳೆದರೂ ಬರುತ್ತಿತ್ತು, ಮೂರು ಫೇಸು.
ಇಲ್ಲಿ ಇಂದ್ರಾಣಿಯ ಬೀಡಿ ಕಟ್ಟುವ ದುಡ್ಡಿನ ಮೇಲೆ
ನನ್ನಂಥವನನ್ನು ಚುಚ್ಚಿದರೆ
ಯಾವ ಎಳೆ ಮೊದಲು ಹೋಗುತ್ತದೆ?
ಅವಳು ಏನೂ ಹೇಳಲಿಲ್ಲ. ಓಲೆ ಬಿಚ್ಚಿಟ್ಟಳು.

ಹಿತ್ತಲಲ್ಲಿ ಎದೆಮಟ್ಟದ ಗುಂಡಿ ತೋಡಿದೆವು ಅರ್ತಿಗೆ.
ತಾಮ್ರದ ತಟ್ಟೆ, ಅದರ ಸುತ್ತ ಇದ್ದಿಲು,
ಉಪ್ಪು ಮಾತ್ರ ಪುಟ್ಟಚನ್ನಮ್ಮನೇ ತಂದಳು,
ಮೊರದ ತುಂಬ ಕಲ್ಲುಪ್ಪು.
ವಾರಕ್ಕೊಂದು ಕೊಡ ನೀರು ಹುಯ್ಯಿ, ಅಂದರು ಸಾಬರು.
ಅದಕ್ಕವಳು:
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ,
ಭೂಮ್ತಾಯಿ ಆದರೇನು.

ಮೊದಲ ಕೆಲಸ ಅವಳದ್ದೇ,
ಹಿತ್ತಲ ಬಾಗಿಲಿನ ಮುರಿದ ಕೀಲು.
ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದರು.
ನಾನು ಮುಖಕ್ಕೆ ಶೀಲ್ಡು ಇಳಿಸಿ ಕತ್ತಲಾದೆ,
ಆಚೆ ಅವಳು
ಕಿಡಿಗೆ ಬೆನ್ನು ಹಾಕಿ ನಿಂತು
ತನ್ನ ನಡುಮನೆಯ ಬಲ್ಬನ್ನೇ ನೋಡುತ್ತಿದ್ದಳಂತೆ.

ಬೆಸುಗೆ ಇನ್ನೂ ಕೆಂಪಗಿತ್ತು. ಶೀಲ್ಡು ಎತ್ತಿ ಕೇಳಿದೆ:
ಏನಾಯ್ತು?

ರೆಪ್ಪೆ ಬಡೀತಪ್ಪಾ ಒಂಚೂರು,
ಕಣ್ಣು ಮುಚ್ಚಲಿಲ್ಲ.